ಮೊದಲು ಮೈದಾನ, ಆಮೇಲೆ ಕ್ಯಾಮೆರಾ

(ಕರಾವಳಿಯ ಕಾಲೇಜೊಂದರ ಛಾಯಾಗ್ರಹಣ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ನಿಮ್ಮಲ್ಲೊಬ್ಬ ವಿದ್ಯಾರ್ಥಿ ನನ್ನನ್ನು ಬದಿಗೆ ಕರೆದು ಕೇಳಿದ: ‘ಸರ್, ನನಗೆ ಕಂಬಳ, ಕಬಡ್ಡಿ ಇಂಥದ್ದರ ಫೋಟೊ ತೆಗೀಬೇಕು ಅಂತ ಆಸೆ. ಅಮ್ಮ ಸಂಘದಲ್ಲಿ ಸಾಲ ತೆಗೆದುಕೊಡ್ತೇನೆ ಅಂದಿದ್ದಾರೆ. ಯಾವ ಕ್ಯಾಮೆರಾ ತಗೊಳ್ಳಲಿ?’

ನಾನು ಬರೆದುಕೊಂಡು ಬಂದದ್ದು ಕ್ರೀಡಾ ಛಾಯಾಗ್ರಹಣದ ಚರಿತ್ರೆಯ ಬಗ್ಗೆ. ಆದರೆ ಈ ಪ್ರಶ್ನೆಯ ಹಿಂದೆ ವಾರವಾರವೂ ಕಂತು ಕಟ್ಟಬೇಕಾದ ತಾಯಿಯೊಬ್ಬರಿದ್ದಾರೆ. ಚರಿತ್ರೆ ಕಾಯಬಹುದು, ಕಂತು ಕಾಯುವುದಿಲ್ಲ. ಹಾಗಾಗಿ ಆ ಹುಡುಗನಿಗೆ ಉತ್ತರ ಹೇಳುತ್ತಲೇ, ಅಲ್ಲಲ್ಲಿ ಬೇಕಾದಷ್ಟು ಚರಿತ್ರೆಯನ್ನು ಹೇಳುತ್ತೇನೆ.

ಉತ್ತರ ಹೇಳುವ ಅರ್ಹತೆ ನನಗೆ ಬಂದದ್ದು ಒಂದು ಸೋಲಿನಿಂದ. ನನ್ನ ಮೊದಲ ಡಿಜಿಟಲ್ ಕ್ಯಾಮೆರಾ ಕೊಂಡಾಗ ಕೈಯಲ್ಲಿದ್ದ ಹಣವನ್ನೆಲ್ಲ ಕ್ಯಾಮೆರಾದ ಮೇಲೇ ಸುರಿದೆ. ಲೆನ್ಸ್ ಅದರ ಜೊತೆಗೆ ಬಂದದ್ದು, 18ರಿಂದ 55 ಮಿಲಿಮೀಟರಿನ ಸಾಧಾರಣ ಜೂಮ್. ಅದನ್ನು ಹೆಗಲಿಗೇರಿಸಿ ರಾತ್ರಿ ಕಂಬಳಕ್ಕೆ ಹೋದೆ. ಬೆಳಗಿನ ಜಾವದವರೆಗೆ ಕರೆಯ ಬದಿಯಲ್ಲಿ ನಿಂತು ಮುನ್ನೂರು ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಕೋಣಗಳಿರಲಿಲ್ಲ, ಕಪ್ಪು ಹೊಗೆ ಇತ್ತು. ಓಡಿಸುವವನಿದ್ದ ಕಡೆ ಬಿಳಿಯ ಗೆರೆ. ಹಿಂದೆ ನಿಂತಿದ್ದ ಬಿದಿರಿನ ಕಂಬ ಮಾತ್ರ ಅತ್ಯಂತ ಸ್ಪಷ್ಟವಾಗಿ ಬಂದಿತ್ತು!

ತಪ್ಪು ಎಲ್ಲಾಯಿತು? ಲೆಕ್ಕ ಹಾಕಿ ನೋಡೋಣ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದ ಸುದ್ದಿ ನಿಮಗೆಲ್ಲ ನೆನಪಿರಬಹುದು. ಅಂದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ಕ್ಯಾಮೆರಾದ ಶಟರ್ ಸೆಕೆಂಡಿನ 60ನೇ ಒಂದು ಭಾಗದಷ್ಟು ಹೊತ್ತು ತೆರೆದಿತ್ತೆನ್ನಿ. ಅಷ್ಟರಲ್ಲಿ ಅಡ್ಡಲಾಗಿ ಓಡುವ ಕೋಣ 17 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಒಂದು ಗೇಣಿನಷ್ಟು ದೂರ ಒರೆಸಿಕೊಂಡ ಚಿತ್ರದಲ್ಲಿ ಕಣ್ಣು, ಮೂಗುದಾರ, ನೀರಿನ ಹನಿ ಯಾವುದೂ ಉಳಿಯುವುದಿಲ್ಲ. ಅದೇ ಶಟರ್ ಸೆಕೆಂಡಿನ 1000ನೇ ಒಂದು ಭಾಗ ಮಾತ್ರ ತೆರೆದಿದ್ದರೆ ಕೋಣ ಚಲಿಸುವುದು ಒಂದೇ ಸೆಂಟಿಮೀಟರ್. ಆಗ ಅದು ಚಿತ್ರ.

ಈ ವೇಗದ ಹಂಬಲ ಇಂದಿನದಲ್ಲ. ಓಡುವ ಕುದುರೆಯ ನಾಲ್ಕೂ ಕಾಲುಗಳು ಒಂದು ಕ್ಷಣವಾದರೂ ನೆಲ ಬಿಡುತ್ತವೆಯೇ ಎಂಬುದು ಹತ್ತೊಂಬತ್ತನೆಯ ಶತಮಾನದ ದೊಡ್ಡ ಚರ್ಚೆ. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ಕುದುರೆ ಓಡಿದಂತೆಲ್ಲ ಒಂದೊಂದರ ಕವಾಟವೂ ತೆರೆದು ಮುಚ್ಚುವಂತೆ ಮಾಡಿ, ನೆಲ ಬಿಡುತ್ತವೆ ಎಂದು ತೋರಿಸಿಕೊಟ್ಟರು. ಮನುಷ್ಯನ ಕಣ್ಣಿಗೆ ಕಾಣದ್ದನ್ನು ಯಂತ್ರದ ಕಣ್ಣು ಕಂಡಿತು. ಕ್ರೀಡಾ ಛಾಯಾಗ್ರಹಣದ ಮೂಲ ಆಸೆ ಇದೇ.

ಆದರೆ ಶಟರ್ ಚುರುಕಾದಷ್ಟೂ ಒಳಗೆ ಬೀಳುವ ಬೆಳಕು ಕಡಿಮೆಯಾಗುತ್ತದೆ. ಕೊಡ ತುಂಬುವ ಉದಾಹರಣೆ ಕೊಡುತ್ತೇನೆ. ನಲ್ಲಿಯನ್ನು ಸ್ವಲ್ಪವೇ ಹೊತ್ತು ತೆರೆದರೂ ಕೊಡ ತುಂಬಬೇಕೆಂದಾದರೆ ನಲ್ಲಿಯ ಬಾಯಿ ಅಗಲವಾಗಿರಬೇಕು. ಲೆನ್ಸಿನ ಬಾಯಿಯ ಅಗಲವನ್ನು ಹೇಳುವುದೇ ಅದರ ಅಂಚಿನಲ್ಲಿ ಬರೆದಿರುವ ಎಫ್ ಸಂಖ್ಯೆ. ಇದು ತಿರುಗುಮುರುಗು ಲೆಕ್ಕ: ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಎಫ್ 5.6ಕ್ಕೆ ಹೋಲಿಸಿದರೆ ಎಫ್ 2.8 ನಾಲ್ಕು ಪಟ್ಟು ಬೆಳಕು ಬಿಡುತ್ತದೆ. ಎಫ್ 1.8 ಸುಮಾರು ಹತ್ತು ಪಟ್ಟು. ನನ್ನ ಜೂಮ್ ಲೆನ್ಸನ್ನು ಎಳೆದು ಉದ್ದ ಮಾಡಿದಾಗ ಅದರ ಬಾಯಿ 5.6ಕ್ಕೆ ಕುಗ್ಗುತ್ತಿತ್ತು. ಕ್ಯಾಮೆರಾ ಬೆಳಕು ಸಾಲದೆ ಶಟರನ್ನು ನಿಧಾನ ಮಾಡಿತು. ಕೋಣ ಹೊಗೆಯಾಯಿತು.

ಐಎಸ್‌ಒ ಹೆಚ್ಚಿಸಬಹುದಲ್ಲ ಎಂದು ನೀವು ಕೇಳಬಹುದು. ಹೆಚ್ಚಿಸಲೇಬೇಕು. ಇಂದಿನ ಕ್ಯಾಮೆರಾಗಳಲ್ಲಿ 3200, 6400ಕ್ಕೆ ಹೆದರಬೇಕಾಗಿಲ್ಲ. ಚಿತ್ರದಲ್ಲಿ ಒಂದಿಷ್ಟು ರವೆ ಚೆಲ್ಲಿದಂತೆ ಕಂಡರೂ ಮುಖ ಗುರುತಾಗುತ್ತದೆ. ರವೆ ಇರುವ ಚಿತ್ರವನ್ನು ಪತ್ರಿಕೆ ಅಚ್ಚು ಹಾಕುತ್ತದೆ, ಹೊಗೆಯನ್ನು ಹಾಕುವುದಿಲ್ಲ.

ಇನ್ನು ದೂರದ ಮಾತು. ಯಾವ ಲೆನ್ಸ್ ಬೇಕೆಂಬುದನ್ನು ಅಂಗಡಿ ಹೇಳಲಾರದು, ನೀವು ನಿಲ್ಲುವ ಜಾಗ ಹೇಳುತ್ತದೆ. ಸಾಮಾನ್ಯ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ ಹಿಡಿದು ಕ್ರಿಕೆಟ್ ಬೌಂಡರಿಯಾಚೆ, ಬ್ಯಾಟುಗಾರನಿಂದ 70 ಮೀಟರ್ ದೂರದಲ್ಲಿ ನಿಂತಿದ್ದೀರಿ ಎನ್ನಿ. 55 ಮಿಲಿಮೀಟರ್ ಲೆನ್ಸಿನಲ್ಲಿ ಅವನು ಚೌಕಟ್ಟಿನ ಎತ್ತರದ ಹನ್ನೊಂದರಲ್ಲಿ ಒಂದು ಪಾಲು. ಗದ್ದೆಯ ನಡುವಿನ ಬೆರ್ಚಪ್ಪ. 300 ಮಿಲಿಮೀಟರಿನಲ್ಲಿ ಹೆಚ್ಚುಕಡಿಮೆ ಅರ್ಧ ಚೌಕಟ್ಟು ತುಂಬುತ್ತಾನೆ. ಕಬಡ್ಡಿಯ ಲೆಕ್ಕವೇ ಬೇರೆ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದು 12ಕ್ಕೆ 8. ಗೆರೆಯ ಪಕ್ಕದಲ್ಲಿ ಕೂತರೆ ಆಟವೆಲ್ಲ ಆರರಿಂದ ಹತ್ತು ಮೀಟರಿನೊಳಗೆ. ಅಲ್ಲಿಗೆ 50 ಅಥವಾ 85 ಮಿಲಿಮೀಟರಿನ, ಎಫ್ 1.8ರ, ಜೂಮ್ ಇಲ್ಲದ ಚಿಕ್ಕ ಲೆನ್ಸ್ ಸಾಕು. 50ರ ಎಫ್ 1.8 ಅಂತೂ ಬಹುತೇಕ ಎಲ್ಲ ಕಂಪನಿಗಳ ಪಟ್ಟಿಯಲ್ಲೂ ಅತಿ ಅಗ್ಗದ ಲೆನ್ಸುಗಳಲ್ಲೊಂದು. ಅಗ್ಗವೆಂದು ಅದನ್ನು ಕೀಳಾಗಿ ಕಾಣಬೇಡಿ. ರಾತ್ರಿಯ ಕಬಡ್ಡಿಯಲ್ಲಿ ಅದು ಮಾಡುವ ಕೆಲಸವನ್ನು ಉದ್ದನೆಯ, ಮಂದ ಬೆಳಕಿನ ಜೂಮ್ ಮಾಡಲಾರದು.

ಹಾಗಾದರೆ ಕ್ಯಾಮೆರಾದಲ್ಲಿ ನೋಡುವುದೇನು? ಮೊದಲನೆಯದು, ಚಲಿಸುವ ವಸ್ತುವನ್ನು ಬಿಡದೆ ಹಿಂಬಾಲಿಸುವ ಆಟೊಫೋಕಸ್. ಎರಡನೆಯದು, ಟ್ಯೂಬ್‌ಲೈಟ್ ಮತ್ತು ಕೆಲವು ಎಲ್‌ಇಡಿ ದೀಪಗಳ ಮಿಣುಕನ್ನು ಅರಿತು ಚಿತ್ರ ತೆಗೆಯುವ ಸೌಲಭ್ಯ. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಇಂಥ ದೀಪಗಳು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತವೆ. ಕಣ್ಣಿಗದು ತಿಳಿಯದು, ಆದರೆ ಚುರುಕು ಶಟರಿನಲ್ಲಿ ಒಂದು ಚಿತ್ರ ಬೆಳ್ಳಗೆ, ಮರುಚಿತ್ರ ಕಪ್ಪಗೆ ಬರುತ್ತದೆ. ಮೂರನೆಯದು, ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು. ಜಾಹೀರಾತಿನಲ್ಲಿ ಇದೇ ದೊಡ್ಡ ಅಕ್ಷರದಲ್ಲಿರುತ್ತದೆ, ನಿಮಗಿದು ಕೊನೆಯದಾಗಿರಲಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ನೆಚ್ಚಿಕೊಂಡರೆ, ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಬೀಸಿದ ಬ್ಯಾಟು ಬಾಗಿದ ಬಿಲ್ಲಿನಂತೆ ಮೂಡುವುದೂ ಉಂಟು.

ಸೆಕೆಂಡಿಗೆ ಇಪ್ಪತ್ತು ಚಿತ್ರ ಇಲ್ಲದ ಕಾಲದಲ್ಲಿ ಏನಾಗುತ್ತಿತ್ತು? 1960ರ ಡಿಸೆಂಬರ್ 14. ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ನಡುವಿನ ಟೆಸ್ಟ್ ಪಂದ್ಯದ ಕೊನೆಯ ಗಳಿಗೆ. ‘ದಿ ಏಜ್’ ಪತ್ರಿಕೆಯ ಛಾಯಾಗ್ರಾಹಕ ರಾನ್ ಲೋವಿಟ್ ಅವರ ಬಳಿ ಉಳಿದಿದ್ದದ್ದು ಒಂದೇ ಒಂದು ಪ್ಲೇಟ್. ಜೋ ಸಾಲೊಮನ್ ಎಸೆದ ಚೆಂಡು ನೇರ ವಿಕೆಟ್ಟಿಗೆ ಬಡಿದು ಇಯಾನ್ ಮೆಕಿಫ್ ರನೌಟಾದರು. ಟೆಸ್ಟ್ ಚರಿತ್ರೆಯ ಮೊದಲ ಟೈ. ಲೋವಿಟ್ ಅದುಮಿದ್ದು ಒಂದೇ ಸಲ, ಸಿಕ್ಕಿದ್ದು ಕ್ರಿಕೆಟ್ಟಿನ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲೊಂದು. ಒಂದೇ ಪ್ಲೇಟ್ ಇದ್ದವನು ಆಟವನ್ನು ನೋಡುತ್ತಾನೆ. ಸಾವಿರ ಚಿತ್ರ ಹಿಡಿಯುವ ಕಾರ್ಡ್ ಇದ್ದವನು ಗುಂಡಿ ಅದುಮುತ್ತಾನೆ.

ಇನ್ನೊಂದು ಉದಾಹರಣೆ. 1965ರ ಮೇ 25ರಂದು ಅಮೆರಿಕದ ಲೂಯಿಸ್ಟನ್ನಿನಲ್ಲಿ ಮಹಮದ್ ಅಲಿ ಮೊದಲ ಸುತ್ತಿನಲ್ಲೇ ಸೋನಿ ಲಿಸ್ಟನ್ನನ್ನು ಕೆಡವಿದರು. ಕೆಳಗೆ ಬಿದ್ದವನ ಮೇಲೆ ನಿಂತು ಅಲಿ ಗರ್ಜಿಸುವ ಆ ಬಣ್ಣದ ಚಿತ್ರ ತೆಗೆದವರು 22ರ ಹರೆಯದ ನೀಲ್ ಲೈಫರ್. ಆ ಚಿತ್ರದಲ್ಲಿ ಅಲಿಯ ಎರಡು ಕಾಲುಗಳ ನಡುವೆ, ರಿಂಗಿನಾಚೆ, ಇನ್ನೊಬ್ಬ ಛಾಯಾಗ್ರಾಹಕ ಕಾಣುತ್ತಾರೆ. ಅವರು ಅದೇ ಪತ್ರಿಕೆಯ ಹಿರಿಯ, ಹರ್ಬ್ ಶಾರ್ಫ್‌ಮನ್. ಅವರ ಕೈಯಲ್ಲೂ ಕ್ಯಾಮೆರಾ ಇತ್ತು, ಆದರೆ ಅವರಿಗೆ ಸಿಕ್ಕಿದ್ದು ಅಲಿಯ ಬೆನ್ನು. ಇಬ್ಬರ ನಡುವಿನ ಅಂತರ ಯಂತ್ರದ್ದಲ್ಲ, ಕೂತ ಜಾಗದ್ದು. ಅದೃಷ್ಟ ಎನ್ನಬಹುದು. ಆದರೆ ಊರಿನ ಆಟದಲ್ಲಿ ಜಾಗ ಆರಿಸುವುದು ಅದೃಷ್ಟವಲ್ಲ, ಅಭ್ಯಾಸ.

ನಮ್ಮ ಕನೆಹಲಗೆಯನ್ನೇ ನೋಡಿ. ಹಲಗೆಯಡಿಯಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ನಿಶಾನೆ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಿದ್ದರೆ ಫೋಕಸನ್ನು ಮುಂಚೆಯೇ ಆ ಜಾಗಕ್ಕೆ ಹೊಂದಿಸಿ ಕಾಯಬಹುದಲ್ಲ! ಅದಕ್ಕೆ ದುಬಾರಿ ಆಟೊಫೋಕಸ್ ಬೇಕಿಲ್ಲ. ಕಂಬಳ ತಿಳಿದವನಿಗೆ ಮಾತ್ರ ಸಿಗುವ ಉಳಿತಾಯ ಇದು. ಮುಂಗಾಲು ಮಂಜೊಟ್ಟಿಯ ಹತ್ತಿರ ಹೇಗೆ ಏಳುತ್ತದೆ, ರೈಡರ್ ಬೋನಸ್ ಗೆರೆಗೆ ಯಾವ ಕಾಲು ಚಾಚುತ್ತಾನೆ ಎಂಬುದು ಈ ಊರಿನಲ್ಲಿ ಬೆಳೆದ ನಿಮಗೆ ಗೊತ್ತು. ಆ ಬಂಡವಾಳಕ್ಕೆ ಸಾಲ ಬೇಡ.

ಈಗ ಆ ಹುಡುಗನಿಗೆ ಉತ್ತರ. ಹೊಸ ಕ್ಯಾಮೆರಾ ಬೇಡ, ಬಳಸಿದ್ದನ್ನು ಕೊಳ್ಳು. ಕ್ಯಾನನ್, ನಿಕಾನ್ ಎರಡೂ ಕಂಪನಿಗಳು ತಮ್ಮ ಕೊನೆಯ ಅಗ್ರಶ್ರೇಣಿಯ ಡಿಎಸ್‌ಎಲ್‌ಆರ್‌ಗಳನ್ನು 2020ರಲ್ಲಿ ಹೊರತಂದು, ಬಳಿಕ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳತ್ತ ವಾಲಿದವು. ವೃತ್ತಿಪರರು ಹಳೆಯದನ್ನು ಮಾರಿ ಹೊಸದಕ್ಕೆ ಹೋದಂತೆ ಒಳ್ಳೆಯ ಡಿಎಸ್‌ಎಲ್‌ಆರ್‌ಗಳೂ ಅವುಗಳ ಲೆನ್ಸುಗಳೂ ಅಗ್ಗವಾಗಿವೆ. ಮಧ್ಯಮ ದರ್ಜೆಯ ಒಂದನ್ನು ತಗೊ. ಹಣದ ದೊಡ್ಡ ಪಾಲು ಲೆನ್ಸಿಗಿರಲಿ. ಮೊದಲ ವರ್ಷ 50 ಅಥವಾ 85ರ ಎಫ್ 1.8 ಒಂದೇ ಸಾಕು, ಕಬಡ್ಡಿ, ವಾಲಿಬಾಲ್ ತೆಗೆ. ಹಗಲಿನ ಕಂಬಳಕ್ಕೆ, ಕ್ರಿಕೆಟ್ಟಿಗೆ 70ರಿಂದ 300ರ ಜೂಮನ್ನು ಬಾಡಿಗೆಗೆ ತಂದು ನೋಡು. ಬಿಸಿಲಿನಲ್ಲಿ ಅದರ ಚಿಕ್ಕ ಬಾಯಿಯೂ ಸಾಕಾಗುತ್ತದೆ. 70ರಿಂದ 200ರ ಎಫ್ 2.8 ಲೆನ್ಸನ್ನು ನಿನ್ನ ಚಿತ್ರಗಳು ದುಡಿದು ಕೊಡಲಿ. ಅಮ್ಮನ ಸಾಲ ಕೊಡುವುದು ಬೇಡ.

ಹಳೆಯ ಲೆನ್ಸ್ ಕೊಳ್ಳುವಾಗ ಅದರೊಳಗೆ ಟಾರ್ಚ್ ಹಾಯಿಸಿ ನೋಡು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಎಷ್ಟೇ ಅಗ್ಗವಾದರೂ ಬಿಟ್ಟುಬಿಡು. ನಮ್ಮ ಕರಾವಳಿಯ ಮಳೆಗಾಲ ಲೆನ್ಸಿನ ದೊಡ್ಡ ಶತ್ರು. ಚರ್ಮದ ಚೀಲದಲ್ಲಿ ಮುಚ್ಚಿಡಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡು. ಕಂಬಳದ ಕೆಸರುನೀರಿಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲವೂ ಒಂದು ಬೈರಾಸವೂ ಜೊತೆಗಿರಲಿ. ಫ್ಲಾಶನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಾ. ಓಡುವ ಕೋಣದ, ಹಾರುವ ಆಟಗಾರನ ಕಣ್ಣಿಗೆ ಬೆಳಕು ಹೊಡೆದು ತೆಗೆಯಬೇಕಾದ ಚಿತ್ರ ಯಾವುದೂ ಇಲ್ಲ.

ಕೊನೆಯ ಮಾತು. ನಿಮ್ಮೂರಿನ ಯಾವುದೇ ಹಳೆಯ ಕಬಡ್ಡಿ ಆಟಗಾರರ ಮನೆಗೆ ಹೋಗಿ, ಗೋಡೆ ನೋಡಿ. ಕಪ್ಪು ಹಿಡಿದು, ಶಾಲು ಹೊದ್ದು, ಅತಿಥಿಗಳ ನಡುವೆ ಸೆಟೆದು ನಿಂತ ಚಿತ್ರಗಳಿರುತ್ತವೆ. ಆಡುತ್ತಿರುವ ಚಿತ್ರ ಒಂದೂ ಇರುವುದಿಲ್ಲ. ಅಂದಿನ ಸ್ಟುಡಿಯೋದವರ ಕ್ಯಾಮೆರಾ, ಫ್ಲಾಶ್‌ಗಳಿಗೆ ನಿಂತವರು ಮಾತ್ರ ಸಿಗುತ್ತಿದ್ದರು, ಓಡುವವರು ಸಿಗುತ್ತಿರಲಿಲ್ಲ. ಹೀಗೆ ಒಂದು ತಲೆಮಾರಿನ ಆಟ ನೋಡಿದವರ ನೆನಪಿನಲ್ಲಷ್ಟೇ ಉಳಿದಿದೆ, ಅವರೊಂದಿಗೇ ಹೋಗುತ್ತಿದೆ. ಈಗ ಓಡುವವರನ್ನು ಹಿಡಿಯುವ ಸಾಧನ ಒಂದು ಸಾಧಾರಣ ಕುಟುಂಬದ ಕೈಗೆಟುಕುವಷ್ಟು ಹತ್ತಿರ ಬಂದಿದೆ. ಈ ಸಲದ ಪಂದ್ಯದಲ್ಲಿ ಹಾರಿ ಹಿಡಿದ ಹುಡುಗಿಗೆ ಆ ಹಾರಿದ ಕ್ಷಣವನ್ನೇ ಅಚ್ಚು ಹಾಕಿಸಿ ಕೊಡಿ. ಅವಳ ಮನೆಯ ಗೋಡೆಯ ಮೇಲೆ ಅದು ನಿಂತ ದಿನ ಸಂಘದ ಕಂತು ಸಾರ್ಥಕವಾಯಿತೆಂದು ನಾನು ತಿಳಿಯುತ್ತೇನೆ.