ಕೋಪಕ್ಕೂ ಕೊಲೆಗೂ ನಡುವೆ ಮೂರು ತಾಸು

ತೀವ್ರವಾದ, ಹಠಾತ್ ಪ್ರಚೋದನೆಯಿಂದ ಹತೋಟಿ ತಪ್ಪಿ ಒಬ್ಬರನ್ನು ಕೊಂದರೆ ನಮ್ಮ ಕಾನೂನು ಅದನ್ನು ಕೊಲೆ ಎನ್ನುವುದಿಲ್ಲ. ಅದಕ್ಕಿಂತ ಕಡಿಮೆ ಅಪರಾಧವೆಂದು ಎಣಿಸುತ್ತದೆ. ಹಾಗಾದರೆ ‘ಹಠಾತ್’ ಎಂದರೆ ಎಷ್ಟು ಹೊತ್ತು?

1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ, ಪತ್ನಿಯ ಬಾಯಿಂದಲೇ ಆಕೆಯ ಪರಪುರುಷ ಸಂಬಂಧ ತಿಳಿದರು. ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟರು. ಹಡಗಿಗೆ ಹೋಗಿ, ಸುಳ್ಳು ನೆಪ ಹೇಳಿ ರಿವಾಲ್ವರ್ ಪಡೆದರು. ಆ ವ್ಯಕ್ತಿಯ ಮನೆಗೆ ಹೋಗಿ ಗುಂಡಿಟ್ಟು ಕೊಂದರು.

ಜ್ಯೂರಿ 8–1ರಿಂದ ನಿರ್ದೋಷಿ ಎಂದಿತು. ಹೈಕೋರ್ಟು ಒಪ್ಪಲಿಲ್ಲ. 1961ರಲ್ಲಿ ಸುಪ್ರೀಂ ಕೋರ್ಟು ಗಡಿಯಾರ ನೋಡಿತು: ಮನೆ ಬಿಟ್ಟದ್ದು 1.30ಕ್ಕೆ, ಕೊಲೆ 4.20ಕ್ಕೆ. ಮನಸ್ಸು ಹತೋಟಿಗೆ ಬರಲು ಅಷ್ಟು ಹೊತ್ತು ಸಾಕೆಂದು ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು.

2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ವಿನಾಯಿತಿ ಉಳಿದಿದೆ. ನ್ಯಾಯಾಲಯ ಕೇಳುವುದೂ ಅದನ್ನೇ: ಸಿಟ್ಟು ಆರಲು ಸಮಯವಿತ್ತೇ?