ನೊಣ ಎಣಿಸುವ ಕೆಲಸ ನಿಲ್ಲಬಾರದು
(ಆರೋಗ್ಯ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಬಿಹಾರದ ಕಾಲಾ ಅಜಾರ್ ರೋಗದ ವಿಚಾರವನ್ನು ಇಂದು ತಮ್ಮ ಮುಂದಿಡುತ್ತೇನೆ. ಈ ರೋಗದಲ್ಲಿ ವಾರಗಟ್ಟಲೆ ಜ್ವರ ಬಿಡುವುದಿಲ್ಲ. ಗುಲ್ಮ ಬೆಳೆದು ಹೊಟ್ಟೆ ಉಬ್ಬುತ್ತದೆ, ಮೈ ಒಣಗುತ್ತದೆ. ಔಷಧ ಸಿಕ್ಕದಿದ್ದರೆ ರೋಗಿ ಉಳಿಯುವುದು ಅಪರೂಪ. ಇದರ ಜೀವಾಣುವಿನ ಸಂಗತಿಯನ್ನು 1903ರಲ್ಲಿ ಲೀಶ್ಮನ್ ಪ್ರಕಟಿಸಿದರು. ಅದೇ ವರ್ಷ ಮದರಾಸಿನಲ್ಲಿ ಡೊನೊವನ್ ಅದನ್ನು ಕಂಡರು. ಆದರೆ ಅದು ಮನುಷ್ಯನಿಂದ ಮನುಷ್ಯನಿಗೆ ಹೇಗೆ ದಾಟುತ್ತದೆಂಬುದು ಸಿದ್ಧವಾಗಲು ಇನ್ನೂ ಸುಮಾರು ನಲವತ್ತು ವರ್ಷ ಹಿಡಿಯಿತು.

ದೊಡ್ಡ ಸುಳಿವು ಸಿಕ್ಕಿದ್ದು ನಕ್ಷೆಯಿಂದ. ಯಾವ ಸೀಮೆಯಲ್ಲಿ ಯಾವ ಜಾತಿಯ ಮರಳು ನೊಣವಿದೆ ಎಂದು 1920ರ ದಶಕದಲ್ಲಿ ಸಿಂಟನ್ ಎಂಬ ವೈದ್ಯರು ಗುರುತಿಸುತ್ತ ಹೋದರು. ರೋಗದ ಸೀಮೆಯೂ ಫ್ಲೆಬೊಟೋಮಸ್ ಅರ್ಜೆಂಟೈಪಿಸ್ ಎಂಬ ಜಾತಿಯ ಸೀಮೆಯೂ ಹೊಂದಿಬಂದುವು. ಆ ನೊಣ ಕಚ್ಚಿದರೆ ರೋಗ ಬರುತ್ತದೆಂಬುದನ್ನು 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಅವರು ತೋರಿಸಿಕೊಟ್ಟರು. ಅದಕ್ಕಾಗಿ ಐವರು ಸ್ವಯಂಸೇವಕರು ತಮ್ಮ ಮೈಯನ್ನೇ ಒಡ್ಡಿದ್ದರು.

ಈ ನೊಣ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ. ಮಣ್ಣುಗೋಡೆಯ ಬಿರುಕು, ದನದ ಕೊಟ್ಟಿಗೆಯ ಕತ್ತಲೆ ಮೂಲೆ ಅದರ ವಾಸ. ತೇವದ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ರಕ್ತ ಹೀರುವುದು ಹೆಣ್ಣು ಮಾತ್ರ. ಸಮೀಕ್ಷೆಯವರು ಬೆಳಗಿನ ಹೊತ್ತು ಟಾರ್ಚು ಹಿಡಿದು ಗೋಡೆ ಗೋಡೆ ಹುಡುಕಿ, ಕೊಳವೆಯಲ್ಲಿ ಉಸಿರೆಳೆದು ನೊಣ ಹಿಡಿಯುತ್ತಾರೆ. ರಾತ್ರಿಯೆಲ್ಲ ದೀಪದ ಬೋನು ತೂಗುಹಾಕುತ್ತಾರೆ. ಬಳಿಕ ಒಂದೊಂದರ ಗಂಟಲನ್ನೂ ಜನನಾಂಗವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಜಾತಿ ನಿರ್ಣಯಿಸುತ್ತಾರೆ. ಒಂದೇ ಗೋಡೆಯ ಮೇಲಿನ ಎಲ್ಲ ನೊಣಗಳೂ ಈ ರೋಗ ತರುವುದಿಲ್ಲ; ಸರ್ಜೆಂಟೊಮಿಯ ಪಂಗಡದ ಹಲವು ಜಾತಿಗಳಿಗೆ ಹಲ್ಲಿ ಓತಿಗಳ ರಕ್ತವೇ ಹೆಚ್ಚು ಇಷ್ಟ.

ಇಷ್ಟು ತೊಡಕಿನ ಕೆಲಸ ಏಕೆ ಎನ್ನುವವರು ಹಿಂದಿನದನ್ನು ನೆನೆಯಲಿ. 1950ರ ದಶಕದಿಂದ ಮಲೇರಿಯಾಕ್ಕೆಂದು ಮನೆಮನೆಗೆ ಡಿ.ಡಿ.ಟಿ. ಹೊಡೆದಾಗ ಮರಳು ನೊಣವೂ ಸತ್ತಿತು. ಕಾಲಾ ಅಜಾರ್ ಬಹುಮಟ್ಟಿಗೆ ಕಣ್ಮರೆಯಾಯಿತು. ರೋಗ ಹೋಯಿತೆಂದು ಎಲ್ಲರೂ ಮರೆತರು. ಸಿಂಪಡಿಕೆ ನಿಂತಿತು, ನೊಣ ಮರಳಿತು. 1970ರ ದಶಕದಲ್ಲಿ ಉತ್ತರ ಬಿಹಾರದ ಮುಜಫರಪುರ, ವೈಶಾಲಿ ಮೊದಲಾದ ಜಿಲ್ಲೆಗಳಲ್ಲಿ ರೋಗ ಮತ್ತೆ ಹಬ್ಬಿತು. ಪುನಃ ಡಿ.ಡಿ.ಟಿ. ತಂದರು. ವರ್ಷಗಳು ಕಳೆದಂತೆ ನೊಣ ಅದಕ್ಕೂ ಜಗ್ಗದಾಯಿತು. ಇದು ತಿಳಿದದ್ದು ಹೇಗೆ? ಹಿಡಿದ ನೊಣಗಳನ್ನು ಔಷಧ ಸವರಿದ ಕಾಗದದ ನಡುವೆ ಒಂದು ಗಂಟೆ ಇಟ್ಟು, 24 ಗಂಟೆಯ ಮೇಲೆ ಸತ್ತವೆಷ್ಟು, ಬದುಕಿದವೆಷ್ಟು ಎಂದು ಎಣಿಸಿದ್ದರಿಂದ. 2015ರಿಂದ ಬೇರೆ ಔಷಧ ಸಿಂಪಡಿಸತೊಡಗಿದರು.

ರೋಗಕ್ಕೆ ತುತ್ತಾಗುವವರು ಯಾರು? ಬಿರುಕುಬಿಟ್ಟ ಮಣ್ಣುಗೋಡೆಯೊಳಗೆ, ದನಗಳ ಪಕ್ಕದಲ್ಲಿ, ನೆಲದ ಮೇಲೆ ಮಲಗುವ ಭೂಹೀನ ಕೂಲಿಗಳು. ಅವರಲ್ಲಿ ಮುಸಹರರು ಬಹಳ. ದುಡಿಯುವವನು ಮಲಗಿದರೆ ಕೂಲಿ ನಿಂತು ಸಾಲ ಏರುತ್ತದೆ.

2023ರಲ್ಲಿ ರೋಗವಿದ್ದ ಎಲ್ಲ ಬ್ಲಾಕುಗಳಲ್ಲೂ ವರ್ಷಕ್ಕೆ 10,000 ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳೆಂಬ ಗುರಿ ಮುಟ್ಟಿತು. ಸಂತೋಷದ ಸಂಗತಿ. ಆದರೆ ಗುಣವಾದ ಕೆಲವರ ಚರ್ಮದ ಮಚ್ಚೆಗಳಲ್ಲಿ ಜೀವಾಣು ಉಳಿದಿರುತ್ತದೆ. ಕಚ್ಚಿದ ನೊಣ ಅದನ್ನು ಮತ್ತೊಬ್ಬರಿಗೆ ಒಯ್ಯಬಲ್ಲದು. ರೋಗಿ ಕಡಿಮೆಯಾದರೆಂದು ಸಮೀಕ್ಷೆಯ ಹಣ ಕಡಿಯುವುದು, ಕಳ್ಳತನವಾಗಿಲ್ಲವೆಂದು ಕಾವಲುಗಾರನನ್ನು ತೆಗೆದುಹಾಕಿದಂತೆ.

ಆದುದರಿಂದ ಕೇಳಬೇಕಾದುದು ಮೂರು: ನೊಣ ಹಿಡಿದು ಎಣಿಸುವವರಿಗೆ ಕಾಯಂ ಕೆಲಸ, ಎಣಿಕೆಯ ಫಲವನ್ನು ಆ ಊರಿನವರಿಗೆ ಅವರ ಮಾತಿನಲ್ಲೇ ತಿಳಿಸುವ ಏರ್ಪಾಡು, ಬಡವನಿಗೆ ಬಿರುಕಿಲ್ಲದ ಗೋಡೆ. ಮೂರನೆಯದು ದೊರೆಯುವವರೆಗೆ ಮೊದಲೆರಡನ್ನು ಬಿಡುವಂತಿಲ್ಲ.