ರಕ್ತದ ಚೀಟಿ ಶೀಲದ ಸಾಕ್ಷಿಯಲ್ಲ

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಯ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದ ಪಾಸ್‌ಬುಕ್ಕು, ಬ್ಯಾಂಕಿನ ಸಾಲಪತ್ರ ಓದಲು ನಾವು ಕಲಿತಿದ್ದೇವೆ. ಸಹಿ ಹಾಕುವ ಮೊದಲು ‘ಇದರಾಗ ಏನು ಬರೆದೀರಿ?’ ಎಂದು ಕೇಳುವ ಧೈರ್ಯ ಬಂದಿದೆ. ಆದರೆ ಲ್ಯಾಬಿನ ಚೀಟಿ ಕೈಗೆ ಬಂದಾಗ ಆ ಧೈರ್ಯ ಉಡುಗಿ ಹೋಗುತ್ತದೆ. ಇಂದು ಅಂಥ ಒಂದು ಚೀಟಿಯನ್ನು, ಹರ್ಪಿಸ್ ರಕ್ತಪರೀಕ್ಷೆಯ ಚೀಟಿಯನ್ನು, ಕೂಡಿ ಓದೋಣ. ನಾನು ಡಾಕ್ಟರಲ್ಲ, ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು.

ಗರ್ಭ ಒಂದೆರಡು ಸಲ ನಿಲ್ಲದೆ ಹೋದರೆ ಎಷ್ಟೋ ಕಡೆ ‘ಟಾರ್ಚ್’ ಎಂಬ ಪರೀಕ್ಷೆ ಬರೆದುಕೊಡುತ್ತಾರೆ. ಹಲವು ಸೋಂಕುಗಳನ್ನು ಒಟ್ಟಿಗೆ ಹುಡುಕುವ ಪರೀಕ್ಷೆ ಅದು. ಅದರಲ್ಲಿ ಹರ್ಪಿಸ್ ಕೂಡ ಒಂದು. ಚೀಟಿಯಲ್ಲಿ ‘ಪಾಸಿಟಿವ್’ ಎಂದು ಬಂತೆನ್ನಿ, ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಔಷಧಿಯದಲ್ಲ. ‘ಇದನ್ನ ಎಲ್ಲಿಂದ ತಂದಿ?’ ಎಂಬುದು.

ಈ ಪ್ರಶ್ನೆಗೆ ಆ ಚೀಟಿಯಲ್ಲಿ ಉತ್ತರವೇ ಇಲ್ಲ. ಏಕೆಂದು ಹೇಳುತ್ತೇನೆ.

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನಲ್ಲಿ ಎರಡು ಬಗೆ. ಒಂದನೆಯದು ಹೆಚ್ಚಾಗಿ ಬಾಯಿಯದು. ಜ್ವರ ಬಂದಾಗ ತುಟಿಯಂಚಿಗೆ ನೀರುಗುಳ್ಳೆ ಏಳುತ್ತದಲ್ಲ, ಅದೇ. ಎಷ್ಟೋ ಜನರಿಗೆ ಇದು ಚಿಕ್ಕಂದಿನಲ್ಲೇ, ಮುದ್ದಿಸುವ ಹಿರಿಯರಿಂದಲೇ ಅಂಟಿರುತ್ತದೆ. ಲೈಂಗಿಕ ಸಂಪರ್ಕದಿಂದ ಜನನಾಂಗಕ್ಕೂ ಬರಬಹುದು. ಎರಡನೆಯದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ 50 ವರ್ಷದೊಳಗಿನ ನೂರು ಜನರಲ್ಲಿ 64 ಮಂದಿಗೆ ಒಂದನೆಯ ಬಗೆ ಇತ್ತು. 15ರಿಂದ 49 ವಯಸ್ಸಿನವರಲ್ಲಿ ನೂರಕ್ಕೆ 13 ಮಂದಿಗೆ ಎರಡನೆಯದು. ನಮ್ಮವರು ಸರ್ಪಸುತ್ತು ಎನ್ನುವ ಕಾಯಿಲೆಗೂ ಹರ್ಪಿಸ್ ಎಂಬ ಹೆಸರುಂಟು. ಆದರೆ ಅದರ ವೈರಸ್ಸೇ ಬೇರೆ.

ರಕ್ತಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನು. ಚೀಟಿಯಲ್ಲಿ ನಾಲ್ಕು ಸಂಗತಿ ನೋಡಿರಿ.

ಮೊದಲನೆಯದು, ‘1 ಮತ್ತು 2’ ಎಂದು ಕೂಡಿಸಿ ಬರೆದಿದ್ದಾರೆಯೇ? ಹಾಗಿದ್ದರೆ ತುಟಿಯ ಗುಳ್ಳೆಯ ವೈರಸ್ಸಿನಿಂದಲೂ ಪಾಸಿಟಿವ್ ಬರುತ್ತದೆ.

ಎರಡನೆಯದು, ‘ಐಜಿಎಂ’ ಎಂದಿದೆಯೇ? ಇದು ಹೊಸ ಸೋಂಕಿನ ಗುರುತು ಎಂದು ಹೇಳುವುದುಂಟು. ಹರ್ಪಿಸ್ ವಿಷಯದಲ್ಲಿ ಅದು ನಂಬಲು ಬಾರದು. ಹಳೆಯ ಸೋಂಕು ಮರುಕಳಿಸಿದಾಗಲೂ ಅದು ಏಳಬಹುದು. ಒಂದನೆಯ ಬಗೆ, ಎರಡನೆಯ ಬಗೆ ಎಂದು ಬೇರೆ ಮಾಡಿಯೂ ಹೇಳದು.

ಮೂರನೆಯದು, ‘ಐಜಿಜಿ’ ಮುಂದಿನ ಅಂಕಿ ಎಷ್ಟು? ಅನೇಕ ಪರೀಕ್ಷೆಗಳಲ್ಲಿ 0.9ಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್, 1.1ಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್, ನಡುವಿನದು ಸಂದೇಹ. ಎರಡನೆಯ ಬಗೆಗೆ ಅಂಕಿ 3ಕ್ಕಿಂತ ಕಡಿಮೆ ಇದ್ದರೆ ತಪ್ಪು ಪಾಸಿಟಿವ್ ಇರುವ ಸಂಭವ ಬಹಳ. ಬೇರೆ ವಿಧಾನದ ಎರಡನೆಯ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2021ರ ಮಾರ್ಗಸೂಚಿ ಹೇಳುತ್ತದೆ. ವೆಸ್ಟರ್ನ್ ಬ್ಲಾಟ್ ಅಂಥದೊಂದು ಪರೀಕ್ಷೆ. ಅದು ಎಲ್ಲ ಕಡೆ ಸಿಗುವುದಿಲ್ಲ. ಸಿಗದಿದ್ದರೆ ಮೊದಲ ಚೀಟಿಯೇ ಕೊನೆಯ ಮಾತು ಎಂದು ಒಪ್ಪಬೇಡಿ.

ನಾಲ್ಕನೆಯದು, ಪರೀಕ್ಷೆ ಯಾವಾಗ ಆಯಿತು? ಸೋಂಕು ತಗುಲಿ 12 ವಾರ ಕಳೆಯುವ ಮೊದಲು ರಕ್ತ ಕೊಟ್ಟಿದ್ದರೆ ‘ನೆಗೆಟಿವ್’ ಕೂಡ ಪೂರ್ತಿ ಭರವಸೆಯದಲ್ಲ.

ತಪ್ಪು ಪಾಸಿಟಿವ್ ಹೇಗೆ ಬರುತ್ತದೆಂಬುದಕ್ಕೆ ಒಂದು ಸಣ್ಣ ಲೆಕ್ಕ. ನೂರು ಹೆಣ್ಣುಮಕ್ಕಳಲ್ಲಿ ಐವರಿಗೆ ನಿಜವಾಗಿ ಸೋಂಕಿದೆ ಎಂದಿಟ್ಟುಕೊಳ್ಳಿ. ಉಳಿದ 95 ಮಂದಿಯಲ್ಲಿ ಪರೀಕ್ಷೆ ನೂರಕ್ಕೆ ಐದು ಸಲ ತಪ್ಪಿದರೆ ಇನ್ನೂ ಸುಮಾರು ಐವರಿಗೆ ಪಾಸಿಟಿವ್ ಬರುತ್ತದೆ. ಹತ್ತು ಚೀಟಿಯಲ್ಲಿ ಐದು ಸುಳ್ಳು! ತೊಗರಿಬೇಳೆಯನ್ನು ಜರಡಿ ಹಿಡಿದ ಮೇಲೂ ಮರದಲ್ಲಿ ಹಾಕಿ ಕಲ್ಲು ಆರಿಸುತ್ತೇವಲ್ಲ, ಎರಡನೆಯ ಪರೀಕ್ಷೆಯೂ ಹಾಗೆಯೇ.

ಹುಣ್ಣು ಎದ್ದಿದ್ದರೆ ರಕ್ತಕ್ಕಿಂತ ಒಳ್ಳೆಯ ಪರೀಕ್ಷೆ ಇದೆ. ಹುಣ್ಣು ಹಸಿಯಿರುವಾಗಲೇ ಅದರಿಂದ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದು ಪಿಸಿಆರ್ ಮಾಡಿಸುವುದು. ನಾಚಿಕೊಂಡು ಒಣಗುವ ತನಕ ಕಾಯಬೇಡಿ.

ನನಗೆ ಗೊತ್ತಿರುವ ಒಬ್ಬ ತಂಗಿಗೆ ಎರಡು ಸಲ ಗರ್ಭ ಹೋಗಿತ್ತು. ಟಾರ್ಚ್ ಚೀಟಿ ನೋಡಿ ಅತ್ತೆ ಮನೆಯವರು ಆಕೆಯನ್ನು ತವರಿಗೆ ಅಟ್ಟಿದರು. ಗಂಡ ವರ್ಷಕ್ಕೆ ಆರು ತಿಂಗಳು ಪುಣೆಯಲ್ಲಿ ಕೂಲಿಗೆ ಇರುವವನು. ಅವನ ರಕ್ತ ಯಾರೂ ನೋಡಲಿಲ್ಲ. ನಾಲ್ಕು ತಿಂಗಳ ಮೇಲೆ ಬೇರೆ ಬೇರೆಯಾಗಿ ಪರೀಕ್ಷಿಸಿದಾಗ ಒಂದನೆಯ ಬಗೆ ಮಾತ್ರ ಇತ್ತು, ಎರಡನೆಯದು ಇರಲಿಲ್ಲ. ಚೀಟಿ ತಿದ್ದಿತು; ಊರೆಲ್ಲ ಆಡಿದ ಮಾತು ತಿದ್ದಲಿಲ್ಲ.

ಮತ್ತೆ ಮತ್ತೆ ಗರ್ಭ ಹೋಗುವುದಕ್ಕೆ ಕಾರಣ ಹುಡುಕಲು ಟಾರ್ಚ್ ಪರೀಕ್ಷೆ ಉಪಯೋಗವಿಲ್ಲವೆಂದು ಇಂಗ್ಲೆಂಡಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2011ರಲ್ಲೇ ಹೇಳಿದೆ. ಬಸುರಿಯರು ತಪ್ಪದೆ ಮಾಡಿಸಬೇಕಾದದ್ದು ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ. ಸಿಫಿಲಿಸ್‌ನಿಂದ ಮಗು ಹೊಟ್ಟೆಯಲ್ಲೇ ಸಾಯಬಹುದು. ಆದರೆ ಅದು ಪೆನಿಸಿಲಿನ್ನಿಗೆ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ಪರೀಕ್ಷೆಗೆ ದುಡ್ಡಿಲ್ಲ.

ಇನ್ನು, ಖಚಿತವಾಗಿ ಎರಡನೆಯ ಬಗೆಯೇ ಇದೆ ಎಂದಾದರೆ? ಆಗಲೂ ಬದುಕು ಮುಗಿಯುವುದಿಲ್ಲ. ವೈರಸ್ ಪೂರ್ತಿ ಹೋಗದು, ಆದರೆ ಅಸೈಕ್ಲೋವಿರ್ ಮಾತ್ರೆಯಿಂದ ಹುಣ್ಣು ಬೇಗ ಮಾಯುತ್ತದೆ. ಹುಣ್ಣಿರುವಾಗ ಕೂಡುವುದು ಬೇಡ. ಉಳಿದ ದಿನಗಳಲ್ಲಿ ಕಾಂಡೋಮ್ ಬಳಸಿದರೆ ಹರಡುವುದು ಕಡಿಮೆಯಾಗುತ್ತದೆ. ಬಸುರಿಯಾಗಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ದಿನ ತುಂಬುತ್ತಿರುವಾಗ ಹೊಸದಾಗಿ ತಗುಲಿದ ಸೋಂಕು ಹುಟ್ಟುವ ಕೂಸಿಗೆ ಅಪಾಯ. ಹೆರಿಗೆ ನೋವಿನ ವೇಳೆ ಹುಣ್ಣಿದ್ದರೆ ಆಪರೇಷನ್ ಮಾಡಿ ಮಗು ತೆಗೆಯುತ್ತಾರೆ.

ಈ ವೈರಸ್ ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ದೇಹದಲ್ಲಿ ಅಡಗಿರಬಲ್ಲದು. ಆದ್ದರಿಂದ ಯಾರಿಗೆ ಮೊದಲು ಬಂತು, ಯಾರಿಂದ ಬಂತು, ಯಾವ ವರ್ಷ ಬಂತು ಎಂದು ಯಾವ ರಕ್ತಪರೀಕ್ಷೆಯೂ ಹೇಳಲಾರದು. ಹೆಂಡತಿಯ ಚೀಟಿ ಮೊದಲು ಬಂದದ್ದು ಆಕೆ ಮೊದಲು ಆಸ್ಪತ್ರೆಗೆ ಹೋದದ್ದರಿಂದ, ಅಷ್ಟೆ. ಪರೀಕ್ಷೆಯಾಗುವುದಾದರೆ ಇಬ್ಬರದೂ ಆಗಲಿ.

ಚೀಟಿ ತೋರಿಸಿ ಹೊಡೆದರೆ, ಹೊರಗೆ ಹಾಕಿದರೆ, ಮಕ್ಕಳಿಲ್ಲವೆಂದು ಹಂಗಿಸಿದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಮಕ್ಕಳಾಗಲಿಲ್ಲವೆಂದು ಹೀಯಾಳಿಸುವುದನ್ನೂ ಆ ಕಾಯ್ದೆ ದೌರ್ಜನ್ಯವೆಂದೇ ಹೆಸರಿಸಿದೆ. ಗಂಡನ ಮನೆಯಲ್ಲಿ ಇರುವ ಹಕ್ಕನ್ನೂ ಕೊಟ್ಟಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಬಳಿ ದೂರು ಕೊಡಬಹುದು. 181ಕ್ಕೆ ಫೋನ್ ಮಾಡಬಹುದು.

ಸಂಘದ ತಂಗಿಯೊಬ್ಬಳು ಇಂಥ ಚೀಟಿ ಹಿಡಿದು ಬಂದರೆ ಗುಟ್ಟು ಕಾಪಾಡಿರಿ. ಒಬ್ಬರು ಜೊತೆಗೆ ಹೋಗಿ ಡಾಕ್ಟರನ್ನು ಮೂರು ಮಾತು ಕೇಳಿರಿ: ಯಾವ ಬಗೆ? ಅಂಕಿ ಎಷ್ಟು? ಎರಡನೆಯ ಪರೀಕ್ಷೆ ಯಾವಾಗ? ಈ ಮೂರಕ್ಕೂ ಉತ್ತರ ಸಿಗುವ ತನಕ ಆಕೆ ಮನೆ ಬಿಡಬೇಕಾಗಿಲ್ಲ, ತಲೆ ತಗ್ಗಿಸಬೇಕಾಗಿಲ್ಲ. ಉತ್ತರ ಸಿಕ್ಕ ಮೇಲೂ ಬೇಕಾಗಿಲ್ಲ.